ನಲವತ್ತಮೂರು ಮನೆಗೆ ಒಂದೇ ಅಂಗಿ

ಉಪ ನಿರ್ದೇಶಕರ ಕಾರ್ಯಾಲಯ
(ಹಂಚಿಕೆ ಆರ್ಥಿಕತೆಯ ಉತ್ತೇಜನ, ನಿಯಂತ್ರಣ ಹಾಗೂ ಸುಸ್ಥಿರತೆ ವಿಭಾಗ)
ನೆಲಮಹಡಿ, ಹಿಂಬದಿಯ ಬಾಗಿಲು

ಸಂಖ್ಯೆ: ಹಂ.ಆ.ವಿ/ಏಣಿ-1/ಅಂಗಿ-1/ಮೊಳೆ-1/ತುರ್ತು
ಸೋಮವಾರ, ಮಧ್ಯಾಹ್ನ 12.30

ಸುತ್ತೋಲೆ

ವಿಷಯ: ಕಾರ್ಯಾಲಯದ ಹಿಂದಿನ ಬೀದಿಯ ನಿವಾಸಿಗಳು ಇಪ್ಪತ್ತೆರಡು ವರ್ಷಗಳಿಂದ ಯಾವುದೇ ನೀತಿಯ ಸಹಾಯವಿಲ್ಲದೆ ಒಂದು ಏಣಿಯನ್ನು ಹಂಚಿಕೊಳ್ಳುತ್ತಿರುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ, ಹಾಗೂ ತತ್ಪರಿಣಾಮವಾಗಿ ಕಾರ್ಯಾಲಯದ ಸಜ್ಜಾದ ಮೇಲೆ ಉಳಿದುಕೊಂಡಿರುವ ಒಬ್ಬ ವ್ಯಕ್ತಿಯ ಬಗ್ಗೆ.

ಉಲ್ಲೇಖ:
1. ಹಂಚಿಕೆ ನೀತಿಯ ಕರಡು (ಇದ್ದದ್ದು ಒಂದೇ ಪ್ರತಿ, ಓದಿ ಕೊಡುತ್ತೇನೆಂದು ಒಯ್ದವರು ಹಿಂತಿರುಗಿಸಿರುವುದಿಲ್ಲ).
2. ಕ್ಷೇತ್ರ ಪರಿವೀಕ್ಷಕರ ಇಂದು ಬೆಳಗಿನ ಸಮೀಕ್ಷಾ ವರದಿ.
3. ಸದರಿ ವ್ಯಕ್ತಿಯು ಸಜ್ಜಾದ ಮೇಲಿಂದ ಕೂಗಿ ಸಲ್ಲಿಸಿದ ಮೌಖಿಕ ಮನವಿಗಳು, ಈವರೆಗೆ ಹದಿನಾಲ್ಕು.

ಪ್ರಸ್ತಾವನೆ:

ಜನರು ತಮ್ಮಲ್ಲಿರುವ ವಸ್ತುಗಳನ್ನು ಪರಸ್ಪರ ಹಂಚಿಕೊಂಡು ಬಳಸುವ ಪ್ರವೃತ್ತಿಯು ಇತ್ತೀಚೆಗೆ ಎಲ್ಲೆಡೆ ಹೆಚ್ಚುತ್ತಿದೆ ಎಂದು ಮೇಲಿನವರಿಂದ ತಿಳಿದುಬಂದಿರುತ್ತದೆ. ಈ ಹೊಸ ಪ್ರವೃತ್ತಿಯು ನಮ್ಮ ವ್ಯಾಪ್ತಿಯಲ್ಲಿ ಎಷ್ಟರಮಟ್ಟಿಗೆ ಬಂದಿದೆ ಎಂಬುದನ್ನು ಅಳೆಯಲು ಹಿಂದಿನ ಬೀದಿಗೆ ಕ್ಷೇತ್ರ ಪರಿವೀಕ್ಷಕರನ್ನು ಕಳುಹಿಸಲಾಗಿತ್ತು. ಅದೇ ಸಮಯಕ್ಕೆ ಕಾರ್ಯಾಲಯದ ಹಿಂಗೋಡೆಯ ಮೇಲೆ "ಇದ್ದುದನ್ನು ಹಂಚಿಕೊಳ್ಳಿ, ಭೂಮಿಯನ್ನು ಉಳಿಸಿ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಲು ಅದೇ ಬೀದಿಯ ಮೂವತ್ತೇಳನೇ ಮನೆಯ ಬೋರ್ಡು ಬರೆಯುವ ಪೇಂಟರನ್ನು ನೇಮಿಸಲಾಗಿತ್ತು. ಪೇಂಟರು ಬೆಳಿಗ್ಗೆ ಒಂಬತ್ತಕ್ಕೆ ಬೀದಿಯ ಏಣಿಯನ್ನು ತಂದು, ಕಿಟಕಿಯ ಮೇಲೆ ಚಾಚಿಕೊಂಡಿರುವ ಸಜ್ಜಾ ಹತ್ತಿ, ಬನಿಯನ್ನಿನಲ್ಲಿ ನಿಂತು ಕೆಲಸ ಆರಂಭಿಸಿರುತ್ತಾರೆ.

ಪರಿವೀಕ್ಷಕರು ಹತ್ತೂವರೆಗೆ ಬೀದಿಯ ಮೊದಲನೇ ಮನೆಯಾದ ಟೈಲರ್ ಅಂಗಡಿಯ ಮುಂದೆ ನಿಂತು ವಿಚಾರಿಸಿದಾಗ, ಇಲ್ಲಿನವರೆಲ್ಲ ಹಂಚಿಕೊಳ್ಳುವ ವಸ್ತುವನ್ನು ಅಂಗಡಿಯ ಗೋಡೆಯ ಮೊಳೆಯ ಬಳಿ ಇಡಲಾಗುತ್ತದೆ ಎಂಬ ಮಾಹಿತಿ ದೊರೆತಿದೆ. ಪರಿವೀಕ್ಷಕರು ಮೊಳೆಯತ್ತ ನೋಡಲಾಗಿ ಅಲ್ಲಿ ಒಂದು ಅಂಗಿ ಕಂಡುಬಂದಿದೆ. (ತಿಳಿ ನೀಲಿ, ಅರ್ಧ ತೋಳು, ಮೇಲಿನಿಂದ ಮೂರನೇ ಗುಂಡಿ ಇಲ್ಲ.) ನಲವತ್ತಮೂರು ಮನೆಗಳು ಒಂದೇ ಅಂಗಿಯನ್ನು ಹಂಚಿಕೊಂಡು ಬಾಳುತ್ತಿರುವ ಈ ದೃಶ್ಯದಿಂದ ಪರಿವೀಕ್ಷಕರು ಭಾವಪರವಶರಾಗಿ, ಮನೆಯೊಂದಕ್ಕೆ 0.023 ಅಂಗಿ ಎಂಬ ಪ್ರಮಾಣವನ್ನು ಸ್ಥಳದಲ್ಲೇ ಲೆಕ್ಕಹಾಕಿ ಮೇಲಿನವರಿಗೆ ತಂತಿವೇಗದಲ್ಲಿ ವರದಿ ಮಾಡಿದ್ದು, ಇಷ್ಟು ಕಡಿಮೆ ಅಂಗಿಯಲ್ಲಿ ಇಷ್ಟು ಜನರ ಮಾನ ಉಳಿದಿರುವ ನಿದರ್ಶನ ಬೇರೆಲ್ಲೂ ಇಲ್ಲವೆಂದು ಮೇಲಿನವರಿಂದ ಅಭಿನಂದನೆಯೂ ಬಂದಿರುತ್ತದೆ. ಅಂಗಿಯನ್ನು ಮೊಳೆಯಿಂದ ಬಿಡಿಸಿ, ಕಾರ್ಯಾಲಯದ ಮುಂಭಾಗದ ಗಾಜಿನ ಬೀರುವಿನಲ್ಲಿ "ಮಾದರಿ ಹಂಚಿಕೆ ವಸ್ತು" ಎಂಬ ಚೀಟಿಯೊಂದಿಗೆ ಇರಿಸಲಾಗಿದೆ.

ಹಿಂತಿರುಗುವಾಗ ಪರಿವೀಕ್ಷಕರಿಗೆ ಕಾರ್ಯಾಲಯದ ಗೋಡೆಗೆ ಒರಗಿದ್ದ ಏಣಿಯೊಂದು ಕಂಡಿದೆ. ಅದರ ಮೇಲೆ ಯಾರ ಹೆಸರೂ ಇಲ್ಲದಿರುವುದರಿಂದ, ನೋಂದಣಿ ಸಂಖ್ಯೆಯೂ ಇಲ್ಲದಿರುವುದರಿಂದ, ಮತ್ತು ಅದರ ಮೇಲೆ ಆ ಕ್ಷಣದಲ್ಲಿ ಯಾರೂ ಇಲ್ಲದಿರುವುದರಿಂದ ಅದನ್ನು ವಾರಸುದಾರರಿಲ್ಲದ ಸ್ವತ್ತೆಂದು ಪರಿಗಣಿಸಿ ಉಗ್ರಾಣದಲ್ಲಿ ಭದ್ರಪಡಿಸಲಾಗಿದೆ. ಏಣಿಯ ತುದಿಯಲ್ಲಿ ಏನಿದೆ ಎಂದು ತಲೆಯೆತ್ತಿ ನೋಡುವುದು ಸಮೀಕ್ಷೆಯ ನಮೂನೆಯಲ್ಲಿ ಸೇರಿರುವುದಿಲ್ಲ.

ಆನಂತರ ದಾಖಲಿಸಿಕೊಂಡ ಹೇಳಿಕೆಗಳನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ.

(ಅ) ಪೇಂಟರು, ಸಜ್ಜಾದ ಮೇಲಿಂದ: "ಸಾರ್, ಅದು ನನ್ನ ಅಂಗಿ ಸಾರ್! ನಾವು ಹಂಚ್ಕೊಳ್ಳೋದು ಏಣೀನ. ಏಣಿ ತಗೊಂಡೋರು ಗುರುತಿಗೆ ತಮ್ಮದೇನಾದ್ರೂ ಮೊಳೆಗೆ ಹಾಕಿ ಹೋಗ್ಬೇಕು, ಅದಕ್ಕೆ ಹಾಕಿದ್ದೆ. ಅದರ ಜೇಬಲ್ಲಿ ಆಸ್ಪತ್ರೆ ಚೀಟಿ ಇದೆ. ನಾಲ್ಕು ಗಂಟೆ ಒಳಗೆ ಹೋಗಿ ಮಗಳನ್ನ, ಮೊಮ್ಮಗಳನ್ನ ಕರ್ಕೊಂಡು ಬರ್ಬೇಕು. ಆ ಮಂಚ ಇನ್ನೊಬ್ಬ ಬಸುರಿಗೆ ಬೇಕಂತೆ, ಹೊರಗೆ ಬೆಂಚ್ ಮೇಲೆ ಕಾಯ್ತಾ ಕೂತಿದಾಳೆ ಪಾಪ. ಅಳಿಯ ಊರಲ್ಲಿಲ್ಲ. ಮೂರು ದಿನದ ಕೂಸು ಸಾರ್. ನಾನಿನ್ನೂ ಸರಿಯಾಗಿ ಮುಖಾನೂ ನೋಡಿಲ್ಲ. ಏಣಿ ತಂದಿಡಿ, ಆಮೇಲೆ ಬೇಕಾದಷ್ಟು ಬರ್ಕೊಳ್ಳಿ."

(ಹೇಳಿಕೆಯ ಕೊನೆಯ ವಾಕ್ಯದ ಎರಡನೇ ಭಾಗವನ್ನು ಮಾತ್ರ ಸದ್ಯಕ್ಕೆ ಕಾರ್ಯಗತಗೊಳಿಸಲಾಗುತ್ತಿದೆ.)

(ಆ) ಮೊಳೆಯಿರುವ ಗೋಡೆಯ ಒಡತಿ, ಬೀದಿಯವರಿಂದ ಟೈಲರಕ್ಕ ಎಂದು ಕರೆಯಲ್ಪಡುವವರು: "ಏಣಿ ಯಾರದು ಅಂದ್ರೆ ಏನಪ್ಪಾ ಹೇಳ್ಲಿ? ಇವತ್ತು ಯಾರ ಹತ್ರ ಇದೆ ಅಂತ ಕೇಳು, ಹೇಳ್ತೀನಿ. ಮೊಳೆ ನಮ್ಮನೆಯವರು ಹೊಡೆದದ್ದು. ಯಾವುದಿಲ್ದೆ ಮನೆಗೆ ಹೋಗೋಕಾಗಲ್ವೋ ಅದನ್ನ ನೇತುಹಾಕ್ಬೇಕು, ಅಷ್ಟೇ ಕಾನೂನು. ಆಗ ಏಣಿ ತಾನಾಗೇ ವಾಪಸ್ ಬರುತ್ತೆ. ಒಂದ್ಸಲ ಮೇಷ್ಟ್ರು ಕನ್ನಡಕ ನೇತುಹಾಕಿ ಹೋಗಿ, ಕಣ್ಣು ಕಾಣದೆ ಏಣೀನ ಪಕ್ಕದ ಮನೆ ಗೋಡೆಗೆ ಇಟ್ಟು ಅವರ ಹೆಂಚು ಸರಿಮಾಡಿ ಬಂದಿದ್ರು. ನಿಮ್ಮ ಆಫೀಸ್ನೋರೂ ಹೋದ ವರ್ಷ ಟ್ಯೂಬ್‌ಲೈಟ್ ಹಾಕೋಕೆ ಒಯ್ದಿರಲಿಲ್ವಾ? ಕೊಡೆ ಇಟ್ಟು ಹೋದ್ರಿ, ಏಣಿ ತರಲೇ ಇಲ್ಲ. ನಾವೇ ಬಂದು ಹೊತ್ಕೊಂಡು ಹೋದ್ವಿ. ಆ ಕೊಡೆ ಇನ್ನೂ ನಮ್ಮನೇಲೇ ಇದೆ ಕಣಪ್ಪ, ತಗೊಂಡು ಹೋಗು."

ಈ ಹೇಳಿಕೆಗಳನ್ನು ಪರಿಶೀಲಿಸಲಾಗಿದೆ. ಅಂಗಿಯು ಹಂಚಿಕೆಯ ವಸ್ತುವಲ್ಲ ಎಂಬ ವಾದವು ಮೇಲಿನವರಿಂದ ಅಭಿನಂದನೆ ಬಂದ ನಂತರ ಸಲ್ಲಿಕೆಯಾಗಿರುವುದರಿಂದ ಅದನ್ನು ತಳ್ಳಿಹಾಕಿ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಕೊಡುವವರಿಗೂ ಪಡೆಯುವವರಿಗೂ ನಡುವೆ ಒಂದು ವೇದಿಕೆ ಇರತಕ್ಕದ್ದೆಂದು ನೀತಿಯು ಹೇಳುತ್ತದೆ (ಒಯ್ದವರು ಹಿಂತಿರುಗಿಸಿದ ನಂತರ ಖಚಿತಪಡಿಸಿಕೊಳ್ಳಲಾಗುವುದು). ಸದರಿ ಮೊಳೆಯನ್ನು ಇಂದಿನಿಂದ ಜಾರಿಗೆ ಬರುವಂತೆ ವೇದಿಕೆ ಎಂದು ಘೋಷಿಸಲಾಗಿದೆ. ಮೊಳೆಯು ಒಂದು ಆ್ಯಪ್ ಹೊಂದತಕ್ಕದ್ದು. ಆ್ಯಪ್ ಸಿದ್ಧವಾಗುವವರೆಗೆ ಮೊಳೆಯ ಪಕ್ಕದಲ್ಲಿ ಒಬ್ಬರು ನಿಂತು, ಬಂದವರಿಗೆ "ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂದು ಹೇಳತಕ್ಕದ್ದು.

2. ಮೊಳೆಯ ಮೇಲಿನ ವಸ್ತುವನ್ನು ನೋಡಿದವರಿಗೆಲ್ಲ ಏಣಿ ಯಾರ ಮನೆಯಲ್ಲಿದೆ ಎಂದು ತಿಳಿದುಬಿಡುವುದು ಖಾಸಗಿತನದ ಉಲ್ಲಂಘನೆಯಾಗಿದೆ. ಆದ್ದರಿಂದ ಮೊಳೆಗೆ ಪರದೆ ಹಾಕತಕ್ಕದ್ದು. ಪರದೆಯ ಹಿಂದೆ ಏನಿದೆ ಎಂಬುದನ್ನು ಪರದೆಯ ಮೇಲೆ ಬರೆಯತಕ್ಕದ್ದು.

3. ಅಂಗಿಯನ್ನು ನಲವತ್ತಮೂರು ಮನೆಗಳು ಮನೆ ಸಂಖ್ಯೆಯ ಪ್ರಕಾರ ದಿನಕ್ಕೊಂದು ಮನೆಯಂತೆ ಧರಿಸತಕ್ಕದ್ದು. ಇಂದಿನ ಸರದಿ ಒಂದನೇ ಮನೆಯದು. ಪೇಂಟರ ಸರದಿಯು ಮೂವತ್ತಾರು ದಿನಗಳ ನಂತರ ಬರಲಿದ್ದು, ಅಲ್ಲಿಯವರೆಗೆ ಅವರು ಜೇಬಿನಲ್ಲಿರುವ ಚೀಟಿಯ ಬಗ್ಗೆ ಚಿಂತಿಸಬೇಕಾಗಿಲ್ಲ; ಚೀಟಿಯು ಅಂಗಿಯೊಂದಿಗೇ ಸುತ್ತುತ್ತಿರುತ್ತದೆ.

4. ಒಬ್ಬರು ಏಣಿ ಹತ್ತಿದಾಗ ಕೆಳಗೆ ಬುಡ ಹಿಡಿದುಕೊಂಡು ನಿಲ್ಲುವವರನ್ನು ಇನ್ನು ಮುಂದೆ ನೆರೆಯವರು, ಭಾವ, ಪಕ್ಕದ ಮನೆ ಹುಡುಗಿ ಇತ್ಯಾದಿಯಾಗಿ ಕರೆಯಕೂಡದು. ಅವರು "ಬುಡ ಪಾಲುದಾರರು". ಪಾಲುದಾರರು ಯಾರ ನೌಕರರೂ ಅಲ್ಲವಾದ್ದರಿಂದ ಅವರಿಗೆ ವಿಶ್ರಾಂತಿ, ರಜೆ, ನೆರಳು, ನೀರು ಅನ್ವಯಿಸುವುದಿಲ್ಲ. ಏಣಿ ಜಾರಿದಲ್ಲಿ ಜಾರಿದ್ದರಲ್ಲಿ ಪೂರ್ತಿ ಪಾಲು ಅವರದು.

5. ಬೇಡಿಕೆ ಹೆಚ್ಚಿರುವ ವೇಳೆಯಲ್ಲಿ ಏಣಿಯ ಕೆಳಗಿನ ನಾಲ್ಕು ಮೆಟ್ಟಿಲುಗಳನ್ನು ಮಾತ್ರ ಬಳಸಲು ಅವಕಾಶವಿರುತ್ತದೆ. ಐದನೇ ಮೆಟ್ಟಿಲು ಬೇಕಾದವರು ಬೇಡಿಕೆ ಇಳಿಯುವವರೆಗೆ ನಾಲ್ಕನೇ ಮೆಟ್ಟಿಲ ಮೇಲೆ ಕಾಯತಕ್ಕದ್ದು.

6. ಪ್ರತಿ ಬಳಕೆಯ ನಂತರ ಹತ್ತಿದವರು ಏಣಿಗೆ ಐದರಲ್ಲಿ ಇಂತಿಷ್ಟು ನಕ್ಷತ್ರ ನೀಡತಕ್ಕದ್ದು. ನ್ಯಾಯದ ದೃಷ್ಟಿಯಿಂದ ಏಣಿಯೂ ಹತ್ತಿದವರಿಗೆ ನಕ್ಷತ್ರ ನೀಡಬೇಕಾಗಿದ್ದು, ಏಣಿಯು ಅದಕ್ಕೆ ಅಸಮರ್ಥವಾಗಿರುವುದರಿಂದ ಅದರ ಮನಸ್ಸಿನಲ್ಲಿರುವುದನ್ನು ತಿಳಿದು ಬರೆಯಲು ಒಬ್ಬ ಸಹಾಯಕರನ್ನು ನಿಯೋಜಿಸಲಾಗಿದೆ. ಮೂರು ನಕ್ಷತ್ರಕ್ಕಿಂತ ಕಡಿಮೆ ಪಡೆದವರು ಏಣಿಯನ್ನು ಹತ್ತಬಹುದು. ಇಳಿಯಲು ಮೇಲ್ಮನವಿ ಸಲ್ಲಿಸತಕ್ಕದ್ದು.

7. ಸುಸ್ಥಿರತೆಯ ಸವಾಲುಗಳು: ಇಪ್ಪತ್ತೆರಡು ವರ್ಷಗಳಲ್ಲಿ ಈ ಬೀದಿಯಲ್ಲಿ ಒಂದೇ ಒಂದು ಹೊಸ ಏಣಿಯ ಖರೀದಿ ಆಗಿರುವುದಿಲ್ಲ. ಇರುವ ಏಣಿಯ ಮುರಿದ ಮೆಟ್ಟಿಲನ್ನು ಎರಡು ಬಾರಿ ಬದಲಿಸಿ, ಒಂದು ಬಾರಿ ಹಗ್ಗದಿಂದ ಬಿಗಿದು ಕೆಲಸ ಸಾಗಿಸಲಾಗಿದೆ. ಇದು ಬೆಳವಣಿಗೆ ಸ್ಥಗಿತಗೊಂಡಿರುವುದರ ಸ್ಪಷ್ಟ ಲಕ್ಷಣ. ಹಂಚಿಕೊಳ್ಳಲು ಹೆಚ್ಚು ಏಣಿಗಳಿದ್ದಾಗ ಮಾತ್ರ ಹಂಚಿಕೆ ಹೆಚ್ಚಾಗಲು ಸಾಧ್ಯವೆಂಬುದು ಸರಳ ಗಣಿತವಾಗಿದ್ದು, ಪ್ರತಿ ಮನೆಯೂ ತಲಾ ಒಂದು ಹೊಸ ಫೈಬರ್ ಏಣಿ ಹೊಂದತಕ್ಕದ್ದು. ಸ್ವಂತ ಏಣಿಯನ್ನು ಸ್ವಂತಕ್ಕೆ ಬಳಸುವುದು ಹಂಚಿಕೆಯ ಆಶಯಕ್ಕೆ ವಿರುದ್ಧವಾದ್ದರಿಂದ ಪ್ರತಿಯೊಬ್ಬರೂ ಪಕ್ಕದ ಮನೆಯದನ್ನೇ ಬಳಸತಕ್ಕದ್ದು. ನಲವತ್ತಮೂರು ಏಣಿಗಳನ್ನು ಇಡಲು ಬೀದಿಯಲ್ಲಿ ಸ್ಥಳವಿಲ್ಲವೆಂಬ ದೂರು ಬರಬಹುದೆಂದು ಊಹಿಸಲಾಗಿದೆ. ಬೀದಿಯಲ್ಲಿರುವ ಮರವು ಸಾಕಷ್ಟು ಸ್ಥಳ ಆಕ್ರಮಿಸಿರುವುದನ್ನು ಗಮನಿಸಲಾಗಿದೆ.

8. ಏಣಿಯ ಬದಲಿಗೆ ಮೇಜು, ಬೆಂಚು, ಸ್ಟೂಲು, ಡ್ರಮ್ಮು ಇತ್ಯಾದಿಗಳನ್ನು ಒಂದರ ಮೇಲೊಂದು ಪೇರಿಸುವುದನ್ನು ನಿಷೇಧಿಸಲಾಗಿದೆ. ಹಾಗೆ ಪೇರಿಸಿದ್ದು ಕಂಡುಬಂದಲ್ಲಿ, ಈ ಕಲಮನ್ನು ಓದಿ ಹೇಳಿದ ತಕ್ಷಣ ಮಾಲೀಕರು ತಮ್ಮ ತಮ್ಮ ವಸ್ತುಗಳನ್ನು ತೆಗೆದುಕೊಂಡು ಹೋಗತಕ್ಕದ್ದು. ಯಾವ ಕಾರಣಕ್ಕೂ, ಯಾರ ಹುದ್ದೆಯ ಮುಖ ನೋಡಿಯೂ ಇದರಲ್ಲಿ ವಿನಾಯಿತಿ ಇಲ್ಲ.

9. ಪೇಂಟರ ಹದಿನಾಲ್ಕು ಮನವಿಗಳ ಪೈಕಿ ಹದಿಮೂರರ ಸಾರಾಂಶವು ಏಣಿ ಬೇಕೆಂಬುದೇ ಆಗಿದೆ. (ಉಳಿದ ಒಂದು ಪರಿವೀಕ್ಷಕರ ವೈಯಕ್ತಿಕ ವಿಚಾರಕ್ಕೆ ಸಂಬಂಧಿಸಿದ್ದು, ದಾಖಲಿಸಲು ಯೋಗ್ಯವಾಗಿಲ್ಲ.) ಏಣಿಯಿರುವ ಉಗ್ರಾಣದ ಬೀಗದ ಕೈಯನ್ನು ಹಂಚಿಕೆ ತತ್ತ್ವಕ್ಕೆ ಮಾದರಿಯಾಗಿ ನಮ್ಮ ಕಾರ್ಯಾಲಯವೂ ಮುಂದಿನ ಕಟ್ಟಡದ ಕಾರ್ಯಾಲಯವೂ ವಾರದಲ್ಲಿ ಮೂರು ಮೂರು ದಿನ ಇಟ್ಟುಕೊಳ್ಳುವ ವ್ಯವಸ್ಥೆ ಇದ್ದು, ಏಣಿಯನ್ನು ಒಳಗಿಟ್ಟು ಬೀಗ ಹಾಕಿದ ಕೂಡಲೇ ಅವರ ಸರದಿ ಆರಂಭವಾಗಿರುತ್ತದೆ. ಬೀಗದ ಕೈ ಗುರುವಾರ ಬರಲಿದೆ. ಅಗ್ನಿಶಾಮಕದವರನ್ನು ಸಂಪರ್ಕಿಸಲಾಗಿ, ಮೇಲಿರುವವರಿಗೆ ಬೆಂಕಿ ಹತ್ತಿಕೊಂಡಿದೆಯೇ ಎಂದು ಕೇಳಿದ್ದಾರೆ. ಹೊಟ್ಟೆಗೆ ಮಾತ್ರ ಎಂದು ಪೇಂಟರು ಮೇಲಿಂದಲೇ ಉತ್ತರಿಸಿದ್ದು, ಅದು ಅಗ್ನಿಶಾಮಕದವರ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿದುಬಂದಿದೆ.

10. ಮಾನವೀಯ ದೃಷ್ಟಿಯಿಂದ ಪೇಂಟರಿಗೆ ಕಿಟಕಿಯ ಸರಳುಗಳ ನಡುವಿನಿಂದ ಚಹಾ ಒದಗಿಸಲಾಗಿದೆ. ಅವರನ್ನು ಇಳಿಸಲು ಅನ್ಯ ಮಾರ್ಗ ದೊರೆತಲ್ಲಿಯೂ ಇಳಿಯುವ ಅನುಮತಿಯನ್ನು ಸ್ಥಳ ಪರಿಶೀಲನೆಯಿಲ್ಲದೆ ನೀಡುವಂತಿಲ್ಲ. ಸ್ಥಳ ಎಂದರೆ ಸಜ್ಜಾ. ಪರಿಶೀಲನೆಯನ್ನು ಉಪ ನಿರ್ದೇಶಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಖುದ್ದಾಗಿ ನಡೆಸತಕ್ಕದ್ದು. ಮೊಮ್ಮಗಳನ್ನು ನೋಡುವುದು ಅನುಮತಿಗೆ ಅರ್ಹವಾದ ಕಾರಣಗಳ ಪಟ್ಟಿಯಲ್ಲಿ ಸೇರಿಲ್ಲ. ಪಟ್ಟಿಯಲ್ಲಿ ಸದ್ಯಕ್ಕೆ ಯಾವ ಕಾರಣವೂ ಇಲ್ಲ.

ಮೊದಲನೇ ಸೇರ್ಪಡೆ (ಮಧ್ಯಾಹ್ನ 3.30)

ಮೇಲ್ಕಂಡ ಸುತ್ತೋಲೆಯ ಒಂದು ಪ್ರತಿಯನ್ನು ಒಂದು ಗಂಟೆಗೆ ಟೈಲರ್ ಅಂಗಡಿಯ ಗೋಡೆಗೆ ಅಂಟಿಸಲಾಗಿತ್ತು. ಸಹಿಗಾಗಿ ಮೂಲಪ್ರತಿಯನ್ನು ಮಂಡಿಸುವಷ್ಟರಲ್ಲಿ ಕೆಳಕಂಡ ಬೆಳವಣಿಗೆಗಳು ಉಂಟಾದುದರಿಂದ ಅವುಗಳನ್ನು ಸೇರಿಸಲಾಗಿದೆ.

11. ಬೀದಿಯವರು ಸುತ್ತೋಲೆಯನ್ನು ಓದಿರುತ್ತಾರೆ. ಇದು ನಿರೀಕ್ಷಿತವಾಗಿರಲಿಲ್ಲ.

12. ಟೈಲರಕ್ಕ ಎಂಬುವರು ಎರಡೂಕಾಲು ಗಂಟೆಗೆ ಕಾರ್ಯಾಲಯಕ್ಕೆ ಬಂದು, "ಇವತ್ತು ಅಂಗಿ ಸರದಿ ಒಂದನೇ ಮನೇದು ಅಂತ ನೀವೇ ಬರ್ದಿದೀರಿ. ಒಂದನೇ ಮನೆ ನಂದು. ತೆಗೀರಿ ಬೀರು" ಎಂದು ಮೂರನೇ ಕಲಮಿನ ಮೇಲೆ ಬೆರಳಿಟ್ಟು ಕೇಳಿದ್ದಾರೆ. ನಿರಾಕರಿಸಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಅಂಗಿಯನ್ನು ಜೇಬಿನ ಆಸ್ಪತ್ರೆ ಚೀಟಿಸಮೇತ ನೀಡಲಾಗಿದೆ. ಸದರಿಯವರು ಅಂಗಿಯನ್ನು ಧರಿಸದೆ, ಅಲ್ಲೇ ನಿಂತು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯಿಂದ ಅದಕ್ಕೆ ಮೂರನೇ ಗುಂಡಿ ಹೊಲಿದಿದ್ದಾರೆ. ಮೇಲಿನವರಿಗೆ ಕಳುಹಿಸಿದ ವರದಿಯಲ್ಲಿ ಗುಂಡಿ ಇಲ್ಲವೆಂದಿರುವುದರಿಂದ ಇದು ದಾಖಲೆಯನ್ನು ಸುಳ್ಳಾಗಿಸುವ ಕೃತ್ಯವಾಗಿದೆ.

13. ಅದೇ ವೇಳೆಗೆ ಟೈಲರಕ್ಕನ ಬಟ್ಟೆ ಕತ್ತರಿಸುವ ಮೇಜು, ಅದರ ಮೇಲೆ ನಿವೃತ್ತ ಮೇಷ್ಟ್ರ ಮನೆಯ ಬೆಂಚು, ಅದರ ಮೇಲೆ ಆಟೋದವರ ಮನೆಯ ಸ್ಟೂಲು ಸಜ್ಜಾದ ಕೆಳಗೆ ಪ್ರತ್ಯಕ್ಷವಾಗಿವೆ. ಪೇಂಟರು ತಮ್ಮ ದೊಡ್ಡ ಕುಂಚವನ್ನು ಕೆಳಗೆಸೆದಿದ್ದು, ಎರವಲಿನ ಗುರುತಾಗಿ ಅದನ್ನು ಮೊಳೆಗೆ ನೇತುಹಾಕಲಾಗಿದೆ. ಪರದೆ ಹಾಕಿರುವುದಿಲ್ಲ.

14. ಆದರೆ ಹತ್ತನೇ ಕಲಮಿನ ಪ್ರಕಾರ ಪರಿಶೀಲನೆ ಆಗದೆ ಪೇಂಟರು ಇಳಿಯುವಂತಿರಲಿಲ್ಲ. ಈ ಕಾರ್ಯಾಲಯದಲ್ಲಿ ಉಪ ನಿರ್ದೇಶಕರ ದರ್ಜೆಗೆ ಕಡಿಮೆಯಿಲ್ಲದವರು ಉಪ ನಿರ್ದೇಶಕರೊಬ್ಬರೇ. ಆದಕಾರಣ ಉಪ ನಿರ್ದೇಶಕರು ಮೂರು ಗಂಟೆಗೆ ಸದರಿ ಮೇಜು, ಬೆಂಚು, ಸ್ಟೂಲುಗಳ ಮೂಲಕ, ಕೆಳಗಿನಿಂದ ನಾಲ್ವರು ಬುಡ ಪಾಲುದಾರರು ತಳ್ಳಿದ ಸಹಾಯದಿಂದ ಸಜ್ಜಾ ತಲುಪಿ, ಅದರ ಉದ್ದ, ಅಗಲ ಹಾಗೂ ಪಾರಿವಾಳಗಳ ಸಂಖ್ಯೆಯನ್ನು ದಾಖಲಿಸಿ, ಪೇಂಟರಿಗೆ ಇಳಿಯುವ ಅನುಮತಿ ನೀಡಿರುತ್ತಾರೆ. ಪೇಂಟರು ಅನುಮತಿಯ ಎರಡನೇ ವಾಕ್ಯಕ್ಕೆ ಕಾಯದೆ ಇಳಿದಿರುತ್ತಾರೆ.

15. ಪೇಂಟರು ಕೆಳಗಿಳಿದು, ಅಂಗಿ ತೊಟ್ಟು, ಕುಂಚವನ್ನು ಮೊಳೆಯಿಂದ ತೆಗೆದುಕೊಂಡು, ಮೂರೂ ಇಪ್ಪತ್ತಕ್ಕೆ ಆಟೋ ಹತ್ತಿದ್ದಾರೆ. ಕುಂಚ ಮೊಳೆಯಿಂದ ಹೊರಬಂದರೆ ಎರವಲು ಮುಗಿಯಿತೆಂದೇ ಬೀದಿಯ ರೂಢಿ. ಅದೇ ಕ್ಷಣಕ್ಕೆ ಸರಿಯಾಗಿ ಪರಿವೀಕ್ಷಕರು ಕರ್ತವ್ಯನಿಷ್ಠೆಯಿಂದ ಎಂಟನೇ ಕಲಮನ್ನು ಗಟ್ಟಿಯಾಗಿ ಓದಿ ಹೇಳಿರುತ್ತಾರೆ. ಮಾಲೀಕರು ಒಂದೂವರೆ ನಿಮಿಷದಲ್ಲಿ ಮೇಜು, ಬೆಂಚು, ಸ್ಟೂಲುಗಳನ್ನು ತೆಗೆದುಕೊಂಡು ಮನೆ ಸೇರಿದ್ದಾರೆ. ಬೀದಿಯ ನಿಯಮವೂ ಇಲಾಖೆಯ ನಿಯಮವೂ ಒಂದೇ ಮಾತು ಹೇಳಿದ ಪ್ರಥಮ ಸಂದರ್ಭ ಇದಾಗಿದ್ದು, ಸಾರ್ವಜನಿಕರು ಸುತ್ತೋಲೆಯೊಂದನ್ನು ಇಷ್ಟು ಶೀಘ್ರವಾಗಿ ಪಾಲಿಸಿದ ಉದಾಹರಣೆ ಕಾರ್ಯಾಲಯದ ಕಡತಗಳಲ್ಲಿ ಮತ್ತೊಂದಿಲ್ಲ. ಉಪ ನಿರ್ದೇಶಕರು ಇದನ್ನು ಮೇಲಿಂದ ವೀಕ್ಷಿಸಿರುತ್ತಾರೆ.

ಎರಡನೇ ಸೇರ್ಪಡೆ (ಸಂಜೆ 5.40)

16. ಪೇಂಟರು ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆ ತಲುಪಿದರೆಂದೂ, ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಮಂಚ ದೊರೆಯಿತೆಂದೂ ಆಟೋದವರಿಂದ ತಿಳಿದುಬಂದಿದೆ. ಇದ್ಯಾವುದಕ್ಕೂ ಇಲಾಖೆಯ ಪೂರ್ವಾನುಮತಿ ಪಡೆದಿರುವುದಿಲ್ಲ.

17. ಐದು ಗಂಟೆಗೆ ಆಟೋ ಬೀದಿಗೆ ಹಿಂತಿರುಗಿದ್ದು, ಮಗುವನ್ನು ಮೂವತ್ತೇಳನೇ ಮನೆಗೆ ಒಯ್ಯುವ ಮೊದಲು ಒಂದನೇ ಮನೆಯಿಂದ ಆರಂಭಿಸಿ ಕೈಯಿಂದ ಕೈಗೆ ದಾಟಿಸಲಾಗಿದೆ. ಯಾರೂ ನಮೂನೆ ತುಂಬಿರುವುದಿಲ್ಲ. ಯಾರೂ ನಕ್ಷತ್ರ ನೀಡಿರುವುದಿಲ್ಲ. ಮೇಷ್ಟ್ರು ತಮ್ಮ ಸರದಿ ಮೀರಿ ಎರಡು ಬಾರಿ ಎತ್ತಿಕೊಂಡಿರುವುದು ಸಜ್ಜಾದಿಂದ ಸ್ಪಷ್ಟವಾಗಿ ಕಂಡಿದೆ. ಪೇಂಟರು ಮಗುವನ್ನು ಮೇಲೆತ್ತಿ, "ನೋಡು ಪುಟ್ಟಮ್ಮ, ಅಲ್ಲಿ ಸಾಹೇಬ್ರು. ಟಾಟಾ ಮಾಡು" ಎಂದಿದ್ದು, ಮಗು ಆಕಳಿಸಿದೆ. ಇದನ್ನು ಹಂಚಿಕೆ ಎಂದು ಪರಿಗಣಿಸಬೇಕೇ, ಹೌದಾದರೆ ಯಾವ ಶೀರ್ಷಿಕೆಯಡಿ ಎಂಬುದರ ಬಗ್ಗೆ ಮೇಲಿನವರಿಂದ ಸ್ಪಷ್ಟೀಕರಣ ಕೋರಲು ಉದ್ದೇಶಿಸಲಾಗಿತ್ತು. ಯೋಚಿಸಿದ ನಂತರ ಕೈಬಿಡಲಾಗಿದೆ.

18. ಮೇಜನ್ನು ಎರವಲು ಪಡೆಯುವ ಸಲುವಾಗಿ ಪರಿವೀಕ್ಷಕರನ್ನು ಟೈಲರಕ್ಕನವರಲ್ಲಿಗೆ ಕಳುಹಿಸಲಾಗಿತ್ತು. ಇಲಾಖೆಯ ವತಿಯಿಂದ ಈಗಾಗಲೇ ಒಂದು ಕೊಡೆ ಅವರಲ್ಲಿ ಇದೆಯೆಂದು ನೆನಪಿಸಲಾಗಿ, "ಕೊಡೆ ನಡೆಯಲ್ಲಪ್ಪ. ಅದಿಲ್ದೆ ಒಂದು ವರ್ಷ ಆರಾಮಾಗಿದ್ರಲ್ಲ" ಎಂದಿದ್ದಾರೆ. ಕಾರ್ಯಾಲಯದ ಮೊಹರನ್ನು ಮೊಳೆಗೆ ಹಾಕುವುದಾಗಿ ತಿಳಿಸಲಾಗಿ, "ಅದಿಲ್ದಿದ್ರೆ ನೀವು ಇನ್ನೂ ಬೇಗ ಮನೆಗೆ ಹೋಗ್ತೀರಿ. ಸಾಹೇಬ್ರನ್ನೇ ಕೇಳು, ಏನಿಲ್ದಿದ್ರೆ ಅವರು ಮನೆಗೆ ಹೋಗೋಕಾಗಲ್ಲ ಅಂತ. ನಾನೇನು ದೂರದಲ್ಲಿದೀನಾ, ಮಷಿನ್ ಮುಂದೇನೇ ಕೂತಿರ್ತೀನಿ" ಎಂದು ಉತ್ತರಿಸಿದ್ದಾರೆ. ಉತ್ತರವನ್ನು ಪರಿಶೀಲಿಸಲಾಗಿ ನಿಯಮಾನುಸಾರವಾಗಿರುವುದು ಕಂಡುಬಂದಿದೆ.

19. ಕಲಮು ಒಂದರಿಂದ ಹತ್ತರವರೆಗಿನ ಸೂಚನೆಗಳನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಎಂಟನೆಯದನ್ನು ಈ ಕ್ಷಣದಿಂದಲೇ.

ಸಹಿ/-
(ಪೆನ್ನು ಕೆಳಗೆ ಬಿದ್ದಿರುವುದರಿಂದ ಸಜ್ಜಾದಲ್ಲಿ ಉಳಿದಿದ್ದ ಸಣ್ಣ ಕುಂಚದಿಂದ, ಕೆಂಪು ಬಣ್ಣದಲ್ಲಿ)
ಉಪ ನಿರ್ದೇಶಕರು
ಸ್ಥಳ: ಸಜ್ಜಾ

ಪ್ರತಿಗಳು:
1. ಮೇಲಿನವರಿಗೆ, ನಲವತ್ತಮೂರು ಮನೆಗಳಲ್ಲಿ ಒಟ್ಟು ಎಷ್ಟು ಅಂಗಿಗಳಿವೆ ಎಂಬುದರ ಪರಿಷ್ಕೃತ ವರದಿಯನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದೆಂಬ ಅರಿಕೆಯೊಂದಿಗೆ.
2. ಮುಂದಿನ ಕಟ್ಟಡದ ಕಾರ್ಯಾಲಯಕ್ಕೆ, ಬೀಗದ ಕೈ ಕುರಿತು. ಗುರುವಾರದವರೆಗೆ ಕಾಯುವುದಕ್ಕೆ ಅಭ್ಯಂತರವಿಲ್ಲವೆಂದು ಬೆಳಿಗ್ಗೆ ತಿಳಿಸಿದ್ದ ಪತ್ರವನ್ನು ಹಿಂಪಡೆಯಲಾಗಿದೆ.
3. ಕ್ಷೇತ್ರ ಪರಿವೀಕ್ಷಕರಿಗೆ, ಇನ್ನು ಮುಂದೆ ಸಮೀಕ್ಷೆಯ ವೇಳೆ ತಲೆಯೆತ್ತಿ ನೋಡುವಂತೆ.
4. ಮೂವತ್ತೇಳನೇ ಮನೆಯ ಪೇಂಟರಿಗೆ. ಗೋಡೆಬರಹದ ಕೊನೆಯ ಪದ ಬಾಕಿ ಇದೆ. ಅವಸರವಿಲ್ಲ.
5. ಅಗ್ನಿಶಾಮಕದವರಿಗೆ, ಮಾಹಿತಿಗಾಗಿ ಮಾತ್ರ.
6. ಟೈಲರಕ್ಕನವರಿಗೆ. ಇದರೊಂದಿಗೆ ಒಂದು ಅಂಗಿಯನ್ನು ಲಗತ್ತಿಸಿದೆ (ಬಿಳಿ, ಇಸ್ತ್ರಿ ಮಾಡಿದ್ದು, ಗುಂಡಿಗಳು ಸರಿಯಾಗಿವೆ, ಜೇಬಿನಲ್ಲಿ ಮನೆಯ ಬೀಗದ ಕೈ ಇದೆ). ದಯವಿಟ್ಟು ಮೊಳೆಗೆ ಹಾಕಿಕೊಂಡು ಮೇಜು ಕಳುಹಿಸಿಕೊಡುವುದು.